ಇಳಿಜಾರಿನಲ್ಲಿ ನಿಂತ ಜೀಪು

ಸಂಡೂರಿನ ಕುಮಾರಸ್ವಾಮಿ ಗುಡ್ಡದಿಂದ ಇಳಿಯುತ್ತಿದ್ದೆವು. ಅರ್ಧ ದಾರಿಯಲ್ಲಿ ಸುಟ್ಟ ವಾಸನೆ ಬಂತು. ಬದಿಗೆ ತೆಗೆದುಕೊಂಡು ಗೇರ್ ತೆಗೆದೆ, ಕೈಬ್ರೇಕ್ ಬಿಟ್ಟೆ, ಪೆಡಲ್ ಮೇಲಿನಿಂದ ಕಾಲನ್ನೂ ಎತ್ತಿದೆ. ಜೀಪು ಒಂದಂಗುಲವೂ ಮುಂದೆ ಸರಿಯಲಿಲ್ಲ. ಗೋಲಿ ಇಟ್ಟರೆ ಉರುಳಿಹೋಗುವಂಥ ಇಳಿಜಾರು ಅದು. ಒಂದು ಟನ್ನಿನಷ್ಟು ತೂಕದ ಗಾಡಿ ಅಲ್ಲಿ ಕಟ್ಟಿಹಾಕಿದ ಎಮ್ಮೆಯಂತೆ ನಿಂತುಬಿಟ್ಟಿತ್ತು.

ಪಕ್ಕದಲ್ಲಿ ಕುಳಿತಿದ್ದ ನನ್ನ ಸೋದರಮಾವ, "ಬ್ರೇಕ್ ಹಿಡಿದುಕೊಂಡಿದೆ" ಎಂದಷ್ಟೇ ಹೇಳಿ ಕೆಳಗಿಳಿದು ಮುಂದಿನ ಚಕ್ರಕ್ಕೆ ಒಂದು ದಪ್ಪ ಕಲ್ಲು ಕೊಟ್ಟರು. ಈ ಗಾಡಿಯನ್ನು ಅವರು ಮ್ಯಾಂಗನೀಸ್ ಗಣಿಗಳ ದಾರಿಯಲ್ಲಿ ಇಪ್ಪತ್ತು ವರ್ಷ ಓಡಿಸಿದವರು. 1974ರ ಮಹೀಂದ್ರ ಸಿಜೆ-3ಬಿ, ಪೆಟ್ರೋಲ್, ನಾಲ್ಕೂ ಚಕ್ರಗಳಿಗೆ ಡ್ರಮ್ ಬ್ರೇಕ್. ವಿಲ್ಲೀಸ್ ಕಂಪನಿ 1953ರಲ್ಲಿ ಈ ಮಾದರಿಯನ್ನು ತಂದಾಗ ಎತ್ತರದ ಹರಿಕೇನ್ ಎಂಜಿನ್ ಕೂರಿಸಲು ಬಾನೆಟ್ಟನ್ನು ಮೇಲಕ್ಕೆತ್ತಬೇಕಾಯಿತು. ಅದರ ಆ ಎತ್ತರದ ಮುಖವೇ ನನಗೆ ಬಾಲ್ಯದಿಂದ ಇಷ್ಟ. ಎರಡು ವರ್ಷ ಕೂತು ಚಾಸಿಗೆ ಬೆಸುಗೆ ಹಾಕಿಸಿ, ಎಂಜಿನ್ ಬಿಚ್ಚಿ ಕಟ್ಟಿ, ಬಣ್ಣ ಹೊಡೆಸಿದ್ದೆ. ಬ್ರೇಕ್ ಕೆಲಸವೂ ಆಗಿತ್ತು: ಹೊಸ ಲೈನರ್, ಲೇತ್‌ನಲ್ಲಿ ಸಮ ಮಾಡಿಸಿದ ಡ್ರಮ್. ಒಳಗೆ ಹರಿಯುವ ದ್ರವದ ಕಡೆ ಮಾತ್ರ ನಾನು ತಿರುಗಿ ನೋಡಿರಲಿಲ್ಲ. ಡಬ್ಬಿಯಲ್ಲಿ ಮಟ್ಟ ಸರಿಯಾಗಿದೆ ಎಂದು ಮುಚ್ಚಳ ಹಾಕಿದ್ದೆ, ಅಷ್ಟೇ. ಈ ಬರಹ ಆ ತಪ್ಪನ್ನು ತಿದ್ದಿದ ಕಥೆ.

ಗುಡ್ಡದ ಮೇಲೆ ಆಗುವಷ್ಟು ಪರೀಕ್ಷೆ ಅಲ್ಲಿಯೇ ಮಾಡಿದೆವು. ಮುಂದಿನ ಡ್ರಮ್‌ಗಳ ಹತ್ತಿರ ಅಂಗೈ ಒಡ್ಡಿದರೆ ರೊಟ್ಟಿ ಹಂಚಿನ ಝಳ. ದಾರಿಯಲ್ಲಿ ಹೋಗುತ್ತಿದ್ದವರೊಬ್ಬರು ನೀರಿನ ಬಾಟಲಿ ಹಿಡಿದು ಬಂದರು. ಮಾವ ಬೇಡವೆಂದು ಕೈ ಅಡ್ಡ ಹಿಡಿದರು. ಕಾದ ಎರಕದ ಕಬ್ಬಿಣದ ಮೇಲೆ ತಣ್ಣೀರು ಬಿದ್ದರೆ ಡ್ರಮ್ ಸೀಳಬಹುದು. ಅರ್ಧ ಗಂಟೆ ಕಾದು, ಕಲ್ಲು ಭದ್ರವಾಗಿದೆಯೇ ಎಂದು ಮತ್ತೊಮ್ಮೆ ನೋಡಿ, ಮುಂದಿನ ಎಡ ಚಕ್ರದ ಹಿಂದಿರುವ ಬ್ಲೀಡಿಂಗ್ ನಿಪ್ಪಲ್ಲನ್ನು (ಪೈಪಿನ ಗಾಳಿ, ದ್ರವ ಹೊರಬಿಡುವ ಸಣ್ಣ ತಿರುಪನ್ನು) ಸ್ಪ್ಯಾನರ್‌ನಿಂದ ಕಾಲು ಸುತ್ತು ಸಡಿಲಿಸಿದೆ. ಕಪ್ಪನೆಯ ದ್ರವ ಪಿಚಕಾರಿಯಂತೆ ಚಿಮ್ಮಿತು. ಗಾಡಿ ನರಳಿ ಕಲ್ಲಿಗೆ ಒರಗಿತು. ಈ ಗಾಡಿಯ ಬ್ರೇಕ್ ಒಂದೇ ಸರ್ಕ್ಯೂಟ್‌ನದು. ಒಂದು ಕಡೆ ಬಿಟ್ಟರೆ ನಾಲ್ಕೂ ಚಕ್ರ ಬಿಡುತ್ತವೆ. ಅಲ್ಲಿಗೆ ಒಂದು ವಿಷಯ ಖಚಿತವಾಯಿತು: ಸ್ಪ್ರಿಂಗ್ ಮುರಿದು ಶೂ (ಡ್ರಮ್ಮನ್ನು ಒಳಗಿನಿಂದ ಒತ್ತಿ ನಿಲ್ಲಿಸುವ ಬಾಗಿದ ಪಟ್ಟಿ) ಅಂಟಿಕೊಂಡದ್ದಲ್ಲ, ಪೈಪಿನೊಳಗೆ ಒತ್ತಡ ಸಿಕ್ಕಿಕೊಂಡಿತ್ತು.

ನಿಪ್ಪಲ್ ಬಿಗಿದು ಎರಡನೇ ಗೇರ್‌ನಲ್ಲಿ ಇಳಿದೆವು. ಪೆಡಲ್ ಮತ್ತೆ ಗಟ್ಟಿಯಾದಾಗಲೆಲ್ಲ ನಿಲ್ಲಿಸಿ, ಕಲ್ಲು ಕೊಟ್ಟು, ಒತ್ತಡ ಬಿಡಿಸಿ ಮುಂದೆ ಸಾಗಿದೆವು. ಹೀಗೆ ಮೂರು ಬಾರಿ. ಈ ಜೀಪಿನ ಕೈಬ್ರೇಕ್ ಚಕ್ರಗಳಿಗೆ ಸೇರಿದ್ದಲ್ಲ. ಮುಂದಿನ, ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸಿನ ಹಿಂದೆ ಪ್ರೊಪೆಲ್ಲರ್ ಶಾಫ್ಟಿನ ಮೇಲೆ ಬೇರೆಯೇ ಒಂದು ಡ್ರಮ್ ಇದೆ. ಕಾಲಬ್ರೇಕಿನ ದ್ರವಕ್ಕೂ ಅದಕ್ಕೂ ಸಂಬಂಧವಿಲ್ಲ ಎಂಬ ಧೈರ್ಯ ಆ ದಿನ ನಮ್ಮ ಜೊತೆಗಿತ್ತು. ಸಂಡೂರಿನಿಂದ ಬಳ್ಳಾರಿಗೆ ಗಾಡಿಯನ್ನು ಲಾರಿಯ ಮೇಲೆ ತಂದೆವು. ತೋರಣಗಲ್ಲು, ಕುಡಿತಿನಿಯ ಅದಿರು ಲಾರಿಗಳ ಸಾಲಿನಲ್ಲಿ ಅದನ್ನು ಓಡಿಸಿಕೊಂಡು ಬರುವ ಮನಸ್ಸು ನನಗಾಗಲಿಲ್ಲ.

ಗಾಜಿನ ಲೋಟ

ಮರುದಿನ ಶೆಡ್ಡಿನಲ್ಲಿ ಮೊದಲು ಮಾಡಿದ ಕೆಲಸಕ್ಕೆ ಒಂದು ರೂಪಾಯಿಯೂ ಖರ್ಚಾಗಲಿಲ್ಲ. ಹಳೆಯ ಗಾಜಿನ ಲೋಟದಲ್ಲಿ ಅರ್ಧ ನೀರು ತೆಗೆದುಕೊಂಡೆ. ಪೆಡಲ್ ಒತ್ತಿದಾಗ ದ್ರವವನ್ನು ಚಕ್ರಗಳತ್ತ ತಳ್ಳುವ ಮಾಸ್ಟರ್ ಸಿಲಿಂಡರ್‌ನಿಂದ ಸಿರಿಂಜಿನಲ್ಲಿ ಎಳೆದ ದ್ರವವನ್ನು ಎರಡು ಚಮಚದಷ್ಟು ಅದಕ್ಕೆ ಬಿಟ್ಟೆ. ಕಡ್ಡಿಯಿಂದ ಕದಡಿ ಹತ್ತು ನಿಮಿಷ ಬಿಟ್ಟೆ.

ಸಾಮಾನ್ಯ ಬ್ರೇಕ್ ಫ್ಲೂಯಿಡ್ ನೀರಿನಲ್ಲಿ ಬೆರೆಯುತ್ತದೆ. ನಮ್ಮ ಲೋಟದಲ್ಲಿ ಕೆಳಗಿನ ನೀರು ಚಹಾದ ಬಣ್ಣಕ್ಕೆ ತಿರುಗಿತ್ತು, ಎಂದರೆ ಅದರಲ್ಲಿ ಒಂದಿಷ್ಟು ನಿಜವಾದ ಫ್ಲೂಯಿಡ್ ಇತ್ತು. ಆದರೆ ಮೇಲೆ ಬೆರಳಿನ ದಪ್ಪದಷ್ಟು ಕಪ್ಪು ಪದರವೊಂದು ತೇಲುತ್ತಿತ್ತು. ಬೆಳಕಿಗೆ ಹಿಡಿದರೆ ಅಂಚಿನಲ್ಲಿ ಕಾಮನಬಿಲ್ಲು. ಬೆರಳಿಗೆ ಹಚ್ಚಿಕೊಂಡು ಉಜ್ಜಿದೆ, ಮೂಸಿದೆ. ಎಂಜಿನ್ ಆಯಿಲ್.

ಬಣ್ಣದ ಕೆಲಸಕ್ಕೆಂದು ಗಾಡಿ ಒಂದು ಗ್ಯಾರೇಜಿನಲ್ಲಿ ಎರಡು ತಿಂಗಳು ನಿಂತಿತ್ತು. ಅಲ್ಲಿ ಯಾರೋ ಮಟ್ಟ ಕಡಿಮೆಯಾಗಿದ್ದನ್ನು ಕಂಡು ಕೈಗೆ ಸಿಕ್ಕ ಎಣ್ಣೆಯನ್ನು ಸುರಿದಿದ್ದಾರೆ. ಕೆಟ್ಟ ಉದ್ದೇಶದಿಂದ ಮಾಡಿದ್ದು ಎಂದು ನಾನು ಒಂದು ಕ್ಷಣವೂ ಭಾವಿಸುವುದಿಲ್ಲ. ನಮ್ಮ ಕಡೆ ಅಂಗಡಿಯವರಿಂದ ಹಿಡಿದು ಗ್ಯಾರೇಜಿನ ಹುಡುಗರವರೆಗೆ ಎಲ್ಲರೂ ಅದನ್ನು 'ಬ್ರೇಕ್ ಆಯಿಲ್' ಎಂದೇ ಕರೆಯುತ್ತಾರೆ. ಹೆಸರಿನಲ್ಲಿ ಎಣ್ಣೆ ಇದೆ, ಆದ್ದರಿಂದ ಎಣ್ಣೆಯೇ ಇರಬೇಕು ಎಂದುಕೊಳ್ಳುವುದು ಸಹಜ. ಅದು ಎಣ್ಣೆಯಲ್ಲ. ಗ್ಲೈಕಾಲ್ ಈಥರ್ ಎಂಬ ರಾಸಾಯನಿಕ ಕುಟುಂಬದ ದ್ರವ. ಎಂಜಿನ್ ಆಯಿಲ್, ಡೀಸೆಲ್, ಪೆಟ್ರೋಲ್, ಸೀಮೆಎಣ್ಣೆ ಎಲ್ಲವೂ ಕಚ್ಚಾ ತೈಲದಿಂದ ಬಂದವು. ಬ್ರೇಕಿನ ರಬ್ಬರ್ ಗ್ಲೈಕಾಲನ್ನು ತಾಳಿಕೊಳ್ಳುವಂತೆ ತಯಾರಾದದ್ದು. ಕಚ್ಚಾ ತೈಲದ ಸಂತತಿ ಒಂದಿಷ್ಟು ತಾಗಿದರೂ ಅದು ನೀರು ಕುಡಿದ ಕಡಲೆಯಂತೆ ಉಬ್ಬುತ್ತದೆ.

ಸೂಜಿಯ ಕಣ್ಣಿನಷ್ಟು ರಂಧ್ರ

ಸಿಜೆ-3ಬಿಯಲ್ಲಿ ಮಾಸ್ಟರ್ ಸಿಲಿಂಡರ್ ಇರುವುದು ಚಾಲಕನ ಕಾಲ ಕೆಳಗೆ, ಚಾಸಿಗೆ ಅಂಟಿಕೊಂಡು. ನೆಲದ ತಗಡಿನಲ್ಲಿ ಒಂದು ದುಂಡನೆಯ ಮುಚ್ಚಳ. ಅದನ್ನು ತೆಗೆದರೆ ಫ್ಲೂಯಿಡ್ ತುಂಬುವ ಕ್ಯಾಪು ಕಾಣುತ್ತದೆ. ನಮ್ಮ ಕಡೆಯ ಕೆಂಪು ಧೂಳು ಎಲ್ಲಿ ಸೇರುವುದಿಲ್ಲ ಹೇಳಿ. ಕ್ಯಾಪಿನ ಸುತ್ತ ಅದಿರಿನ ಧೂಳು ಕುಂಕುಮದ ಹಾಗೆ ಕೂತಿತ್ತು. ಕ್ಯಾಪು ತಿರುಗಿಸುವ ಮೊದಲು ಬ್ರಷ್ಷಿನಿಂದ ಕೆರೆದು, ಒದ್ದೆ ಬಟ್ಟೆಯಿಂದ ಎರಡು ಬಾರಿ ಒರೆಸಿದೆ. ಇಲ್ಲವಾದರೆ ಆ ಧೂಳೆಲ್ಲ ನೇರವಾಗಿ ಒಳಗೆ.

ಸಿಲಿಂಡರ್ ಬಿಚ್ಚಿ ಕೌಲ್ ಬಜಾರಿನ ಹಳೆಯ ಮೆಕ್ಯಾನಿಕ್ ಚಾಚಾ ಬಳಿ ಒಯ್ದೆ. ನಾನೇ ಬಿಚ್ಚಬಲ್ಲೆ, ಆದರೆ ಐವತ್ತು ವರ್ಷ ಹಳೆಯ ಸಿಲಿಂಡರ್ ಇನ್ನೂ ಬಾಳುತ್ತದೆಯೇ ಎಂದು ಹೇಳಲು ಅವರ ಬೆರಳು ಬೇಕು. ಸರ್ಕ್ಲಿಪ್ ತೆಗೆದು ಪಿಸ್ಟನ್ ಎಳೆದರು. ಬರಲಿಲ್ಲ. ಮರದ ತುಂಡಿನ ಮೇಲೆ ತಟ್ಟಿ ತಟ್ಟಿ ಹೊರತೆಗೆಯಬೇಕಾಯಿತು. ಹಿಂದೆಯೇ ರಬ್ಬರ್ ಕಪ್ಪು, ಎಂದರೆ ದ್ರವ ಸೋರದಂತೆ ತಡೆಯುವ ಬಟ್ಟಲಿನಾಕಾರದ ಸೀಲು, ಬಂತು. ಹೊಸ ಕಿಟ್ಟಿನ ಕಪ್ಪನ್ನು ಅದರ ಪಕ್ಕದಲ್ಲಿಟ್ಟು ತೋರಿಸಿದರು. ಹಳೆಯದರ ತುಟಿ ಹೊಸದಕ್ಕಿಂತ ಸುಮಾರು 3 ಮಿಲಿಮೀಟರ್ ಅಗಲವಾಗಿತ್ತು. ಉಗುರಿನಿಂದ ಒತ್ತಿದರೆ ಗುರುತು ಹಾಗೆಯೇ ಉಳಿಯಿತು.

"ನೋಡಿ, ಇದೇ ನಿಮ್ಮ ಗಾಡಿಯನ್ನು ಗುಡ್ಡದ ಮೇಲೆ ಹಿಡಿದು ನಿಲ್ಲಿಸಿದ್ದು" ಎಂದರು ಚಾಚಾ.

ಅದು ಹೇಗೆ ಎಂದು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಇಡೀ ರೋಗದ ಬೇರು ಇಲ್ಲಿದೆ. ಮಾಸ್ಟರ್ ಸಿಲಿಂಡರಿನ ಕೊಳವೆಗೂ ಮೇಲಿನ ಟ್ಯಾಂಕಿಗೂ ನಡುವೆ ಎರಡು ರಂಧ್ರಗಳಿವೆ. ಒಂದು ದೊಡ್ಡದು. ಇನ್ನೊಂದು ಕಪ್ಪಿನ ತುಟಿಯ ಮುಂದೆಯೇ ಇರುವ, ಸೂಜಿಯ ಕಣ್ಣಿನಷ್ಟು ಸಣ್ಣ ಕಾಂಪೆನ್ಸೇಟಿಂಗ್ ಪೋರ್ಟ್. ಕಾಲು ಎತ್ತಿದಾಗ ಪಿಸ್ಟನ್ ಹಿಂದೆ ಸರಿದು ಈ ಸಣ್ಣ ರಂಧ್ರ ತೆರೆದುಕೊಳ್ಳಬೇಕು. ಬ್ರೇಕ್ ಕಾದು ದ್ರವ ಹಿಗ್ಗಿದರೆ ಹೆಚ್ಚಾದದ್ದು ಅದರ ಮೂಲಕ ಟ್ಯಾಂಕಿಗೆ ವಾಪಸ್ಸಾಗಬೇಕು. ನಮ್ಮ ಕಪ್ಪು ಉಬ್ಬಿ, ಪಿಸ್ಟನ್ ಪೂರ್ತಿ ಹಿಂದೆ ಬಂದರೂ ರಂಧ್ರವನ್ನು ಮುಚ್ಚಿಯೇ ಇತ್ತು. ಇಳಿಜಾರಿನಲ್ಲಿ ಬ್ರೇಕ್ ಒತ್ತಿದೆ, ಡ್ರಮ್ ಕಾಯಿತು, ದ್ರವ ಹಿಗ್ಗಿತು. ಹೋಗಲು ದಾರಿಯಿಲ್ಲದೆ ಅದು ಶೂಗಳನ್ನು ಇನ್ನಷ್ಟು ತಳ್ಳಿತು. ಶೂ ಉಜ್ಜಿ ಇನ್ನಷ್ಟು ಶಾಖ. ಆ ಶಾಖಕ್ಕೆ ದ್ರವ ಮತ್ತಷ್ಟು ಹಿಗ್ಗಿತು. ಪೆಡಲ್ ಮೇಲೆದ್ದು ಕಲ್ಲಿನಂತಾದದ್ದು ಇದೇ ಕಾರಣಕ್ಕೆ. ಪೆಡಲಿನ ಸರಳಿಗೂ ಪಿಸ್ಟನ್ನಿಗೂ ನಡುವೆ ಸಡಿಲು ಇಲ್ಲದಿದ್ದರೂ ಇದೇ ಆಗುತ್ತದೆ. ಅದನ್ನು ಬಿಚ್ಚುವ ಮೊದಲೇ ಅಳೆದು ನೋಡಿದ್ದೆ, ಸರಿಯಿತ್ತು.

ಕೊಳವೆಯೊಳಗೆ ಟಾರ್ಚ್ ಬಿಟ್ಟು ನೋಡಿ, ಕಿರುಬೆರಳಿನಿಂದ ಸವರಿ, ಚಾಚಾ ತಲೆಯಾಡಿಸಿದರು. ಗೀರಿಲ್ಲ, ತುಕ್ಕಿನ ಕುಳಿಯಿಲ್ಲ. ಇದನ್ನೇ ಉಳಿಸಬಹುದು. ಸಣ್ಣ ರಂಧ್ರದಲ್ಲಿ ಜಿಡ್ಡು ಕಟ್ಟಿತ್ತು. ವಿದ್ಯುತ್ ತಂತಿಯಿಂದ ಒಂದೇ ಒಂದು ತಾಮ್ರದ ಎಳೆ ತೆಗೆದು ಮೆಲ್ಲಗೆ ತೂರಿಸಿದರು. ಉಕ್ಕಿನ ತಂತಿ ಹಾಕಿದರೆ ರಂಧ್ರದ ಅಂಚು ಏಳುತ್ತದೆ, ಆ ಅಂಚು ಹೊಸ ಕಪ್ಪಿನ ತುಟಿಯನ್ನು ದಿನವೂ ಕತ್ತರಿಸುತ್ತದೆ. ಈ ಮಾತನ್ನು ಅವರು ಎರಡು ಬಾರಿ ಹೇಳಿದರು. ನಾನೂ ಅದಕ್ಕೇ ಇಲ್ಲಿ ಬರೆದಿಡುತ್ತಿದ್ದೇನೆ.

ಉಳಿಸಲಾಗದ್ದು

ಎಣ್ಣೆ ತಾಗಿದ ವ್ಯವಸ್ಥೆಯಲ್ಲಿ ಫ್ಲೂಯಿಡ್ ಮಾತ್ರ ಬದಲಿಸಿ ಕೈ ತೊಳೆದುಕೊಳ್ಳಲಾಗದು. ರಬ್ಬರ್ ಎಂಬುದೆಲ್ಲ ಹೋಗಬೇಕು. ಮಾಸ್ಟರ್ ಸಿಲಿಂಡರಿನ ಕಿಟ್, ಚಕ್ರಗಳಲ್ಲಿ ಶೂಗಳನ್ನು ತಳ್ಳುವ ನಾಲ್ಕು ವೀಲ್ ಸಿಲಿಂಡರ್‌ಗಳ ಎಂಟು ಕಪ್ಪುಗಳು, ಧೂಳಿನ ಟೊಪ್ಪಿಗೆಗಳು, ಎಲ್ಲ ಹೋಸ್ ಪೈಪುಗಳು. ಜನ ಮರೆಯುವ ಒಂದು ವಸ್ತು ಇನ್ನೂ ಇದೆ: ಬ್ರೇಕ್ ಲೈಟಿನ ಸ್ವಿಚ್. ಈ ಜೀಪಿನಲ್ಲಿ ಅದು ಪೆಡಲಿನ ಬಳಿ ಇಲ್ಲ. ದ್ರವದ ಒತ್ತಡಕ್ಕೆ ಕೆಲಸ ಮಾಡುವ ಸ್ವಿಚ್ ಅದು, ಅದರೊಳಗೂ ರಬ್ಬರಿನ ಪೊರೆ ಇರುತ್ತದೆ. ಅದನ್ನೂ ಹೊಸದು ತಂದೆ.

ಡ್ರಮ್ ತೆಗೆದಾಗ ಧೂಳನ್ನು ಗಾಳಿಯಿಂದ ಊದಲಿಲ್ಲ. ಹಳೆಯ ಲೈನರ್‌ಗಳಲ್ಲಿ ಉಸಿರಿನೊಳಗೆ ಹೋದರೆ ಅಪಾಯವಾಗುವ ಕಲ್ನಾರು (ಆಸ್ಬೆಸ್ಟಾಸ್) ಇರುತ್ತಿತ್ತು. ಹಿಂದಿನ ತಟ್ಟೆಗೆ ಅಂಟಿದ ಹಳೆಯ ಧೂಳು ಯಾವ ಕಾಲದ್ದೋ. ಒದ್ದೆ ಬಟ್ಟೆಯಿಂದ ಒರೆಸಿ, ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಎಸೆದೆ. ವೀಲ್ ಸಿಲಿಂಡರ್‌ಗಳಲ್ಲಿ ಮೂರು ಚೆನ್ನಾಗಿದ್ದವು. ಮುಂದಿನ ಎಡಗಡೆಯದರ ತಳದಲ್ಲಿ ಸಾಸಿವೆಯಷ್ಟು ಎರಡು ತುಕ್ಕಿನ ಕುಳಿಗಳಿದ್ದವು. ಅದನ್ನು ಉಜ್ಜಿ ಸರಿಮಾಡುವ ಆಸೆಗೆ ಬೀಳಲಿಲ್ಲ, ಹೊಸದನ್ನೇ ಹಾಕಿದೆ.

ಉಕ್ಕಿನ ಪೈಪುಗಳು ನಾನು ಹೋದ ವರ್ಷ ಹಾಕಿಸಿದ್ದವು, ತುದಿಗಳಿಗೆ ಡಬಲ್ ಫ್ಲೇರ್ (ಸೋರದಂತೆ ಎರಡು ಪದರವಾಗಿ ಮಡಚಿ ಅಗಲಿಸಿದ ಅಂಚು) ಇದೆ. ಅವನ್ನು ಉಳಿಸಿಕೊಂಡು ಒಳಗನ್ನು ತೊಳೆದೆ. ಪೆಟ್ರೋಲ್ ಅಥವಾ ಸೀಮೆಎಣ್ಣೆಯಿಂದ ತೊಳೆದರೆ ಮತ್ತೆ ಅದೇ ಪಾಪ. ಪ್ರಯೋಗಾಲಯದ ಸಾಮಾನು ಮಾರುವವರಿಂದ ಐಸೋಪ್ರೊಪೈಲ್ ಆಲ್ಕೋಹಾಲ್ ತಂದು ಸಿರಿಂಜಿನಲ್ಲಿ ತಳ್ಳಿದೆ. ಮೊದಲ ಸಲ ಕಪ್ಪು, ಎರಡನೇ ಸಲ ಕಂದು, ನಾಲ್ಕನೇ ಸಲ ತಿಳಿ. ಒಣಗಿಸಲು ಪಂಕ್ಚರ್ ಅಂಗಡಿಯ ಕಂಪ್ರೆಸರ್‌ಗೆ ಒಯ್ಯಬೇಕೆಂದಿದ್ದೆ. ಅದರ ಟ್ಯಾಂಕಿನ ತಳದಲ್ಲಿ ಸದಾ ನೀರು ನಿಂತಿರುತ್ತದೆ, ಗಾಳಿಯ ಜೊತೆ ಅದೂ ಬರುತ್ತದೆ ಎಂದು ನೆನಪಾಗಿ ಬಿಟ್ಟೆ. ಸೈಕಲ್ ಪಂಪಿನಿಂದ ಊದಿ, ಪೈಪುಗಳನ್ನು ತಾರಸಿಯ ಮೇಲೆ ಏಪ್ರಿಲ್ ತಿಂಗಳ ಬಳ್ಳಾರಿ ಬಿಸಿಲಿಗೆ ಒಂದು ಮಧ್ಯಾಹ್ನ ಇಟ್ಟೆ. ಆ ಬಿಸಿಲಿನ ಬಗ್ಗೆ ನಾನು ಹೇಳಬೇಕಾದದ್ದೇನೂ ಇಲ್ಲ.

ಯಾವ ಡಬ್ಬಿ?

ಈಗ ಆಯ್ಕೆಯ ಮಾತು. ಡಬ್ಬಿಗಳ ಮೇಲಿನ ಡಾಟ್ ಎಂಬುದು ಅಮೆರಿಕದ ಸಾರಿಗೆ ಇಲಾಖೆಯ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು. ಅದರ ಸಂಖ್ಯೆ ಮುಖ್ಯವಾಗಿ ಹೇಳುವುದು ಕುದಿಯುವ ಉಷ್ಣಾಂಶವನ್ನು. ಡಾಟ್ 3 ಹೊಸದಾಗಿರುವಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು, ಡಾಟ್ 4 ಕನಿಷ್ಠ 230ರವರೆಗೆ. ನೀರು ಹೀರಿಕೊಂಡ ಮೇಲೆ ಈ ಲೆಕ್ಕ ಕೆಳಗಿಳಿಯುತ್ತದೆ. ಶೇ. 3.7ರಷ್ಟು ನೀರು ಸೇರಿದಾಗ ಡಾಟ್ 3ಕ್ಕೆ 140, ಡಾಟ್ 4ಕ್ಕೆ 155. ಗ್ಲೈಕಾಲ್ ಗಾಳಿಯ ತೇವವನ್ನು ಉಪ್ಪಿನಂತೆ ಎಳೆದುಕೊಳ್ಳುತ್ತದೆ. ಕ್ಯಾಪಿನಲ್ಲಿರುವ ಉಸಿರಾಟದ ರಂಧ್ರದಿಂದ, ರಬ್ಬರ್ ಹೋಸ್‌ಗಳ ಗೋಡೆಯಿಂದಲೂ ತೇವ ಒಳಬರುತ್ತದೆ. ನೀರು ಸೇರಿದ ಫ್ಲೂಯಿಡ್ ಡ್ರಮ್ಮಿನ ಬಿಸಿಗೆ ಕುದಿದರೆ ಪೈಪಿನಲ್ಲಿ ಹಬೆ ಹುಟ್ಟುತ್ತದೆ. ದ್ರವವನ್ನು ಒತ್ತಿ ಕುಗ್ಗಿಸಲಾಗದು, ಹಬೆಯನ್ನು ಒತ್ತಬಹುದು. ಆಗ ಪೆಡಲ್ ನೆಲಕ್ಕೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ. ನಮಗೆ ಆದದ್ದು ಇದಲ್ಲ. ಆದರೆ ಅದೇ ಗುಡ್ಡದ ಅದೇ ತಿರುವಿನಲ್ಲಿ ಇದೂ ಆಗಬಹುದಿತ್ತು ಎಂದು ಯೋಚಿಸಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಹಳೆಯ ಗಾಡಿಗಳ ಹುಚ್ಚಿರುವ ಸ್ನೇಹಿತರೊಬ್ಬರು ಡಾಟ್ 5 ಹಾಕು ಎಂದು ಬಹಳ ಒತ್ತಾಯಿಸಿದರು. ಅದು ಸಿಲಿಕೋನ್, ನೇರಳೆ ಬಣ್ಣ. ತೇವ ಹೀರುವುದಿಲ್ಲ, ಬಣ್ಣ ಕೀಳುವುದಿಲ್ಲ. "ಅಮೆರಿಕದ ಸೈನ್ಯವೇ 1980ರ ದಶಕದಲ್ಲಿ ತನ್ನ ಗಾಡಿಗಳಿಗೆ ಅದನ್ನೇ ಹಾಕಿತು, ನಿನ್ನ ಜೀಪು ಆ ಸೈನ್ಯದ ವಂಶದ್ದೇ ಅಲ್ಲವೇ" ಎಂದರು. ಅವರ ಮಾತಿನಲ್ಲಿ ಹುರುಳಿದೆ. ವರ್ಷಗಟ್ಟಲೆ ಗೋದಾಮಿನಲ್ಲಿ ನಿಲ್ಲುವ ಗಾಡಿಗೆ, ಪ್ರದರ್ಶನಕ್ಕೆ ಮಾತ್ರ ಹೊರಬರುವ ಗಾಡಿಗೆ ಸಿಲಿಕೋನ್ ಒಳ್ಳೆಯದೇ. ಆದರೆ ನನ್ನ ಜೀಪು ತಿಂಗಳಿಗೆ ಎರಡು ಬಾರಿಯಾದರೂ ಓಡುತ್ತದೆ. ಸಿಲಿಕೋನ್ ನೀರನ್ನು ಹೀರದಿದ್ದರೂ ಹೇಗೋ ಒಳಬಂದ ನೀರು ಎಲ್ಲೂ ಹೋಗುವುದಿಲ್ಲ, ಬೆರೆಯದೆ ತಗ್ಗಿನಲ್ಲಿ ಕೂತು ಅಲ್ಲಿಯೇ ತುಕ್ಕು ಹಿಡಿಸುತ್ತದೆ. ಸಣ್ಣ ಗಾಳಿಗುಳ್ಳೆಗಳನ್ನೂ ಅದು ಬೇಗ ಬಿಡುವುದಿಲ್ಲ, ಪೆಡಲ್ ಸ್ಪಂಜಿನಂತಾಗುತ್ತದೆ. ಗ್ಲೈಕಾಲ್ ಜೊತೆ ಬೆರೆಸುವಂತಿಲ್ಲ. ನನ್ನ ಮಟ್ಟಿಗೆ ತೀರ್ಮಾನ ಮಾಡಿದ್ದು ಇನ್ನೊಂದು ವಿಚಾರ: ರಾತ್ರಿ ತೋರಣಗಲ್ಲಿನಲ್ಲಿ ಎಲ್ಲೋ ಸೋರಿದರೆ ಅಲ್ಲಿನ ಅಂಗಡಿಯಲ್ಲಿ ಸಿಗುವುದು ಡಾಟ್ 3 ಅಥವಾ ಡಾಟ್ 4. ಆ ಹೊತ್ತಿನಲ್ಲಿ ಸಿಲಿಕೋನ್ ಹುಡುಕಿಕೊಂಡು ಎಲ್ಲಿಗೆ ಹೋಗಲಿ?

ಡಾಟ್ 5.1 ಎಂಬುದೂ ಇದೆ. ಹೆಸರು ಕೇಳಿದರೆ ಡಾಟ್ 5ರ ತಮ್ಮ ಎನಿಸುತ್ತದೆ. ಆದರೆ ಅದು ಸಿಲಿಕೋನ್ ಅಲ್ಲ, ಗ್ಲೈಕಾಲ್. ಹೊಸ ಕಾಲದ ಎಬಿಎಸ್ ಗಾಡಿಗಳಿಗೆ ಹೊಂದುವ ತೆಳು ದ್ರವ. ಡ್ರಮ್ ಬ್ರೇಕಿನ ಜೀಪಿಗೆ ಅದರ ಅಗತ್ಯವಿಲ್ಲ.

ಉಳಿದದ್ದು 3 ಮತ್ತು 4. ಮಾವ ಜೀವಮಾನವಿಡೀ ಡಾಟ್ 3 ಹಾಕಿದವರು. ಕಿಟ್ಟಿನ ಪೊಟ್ಟಣದ ಮೇಲೆ ಎರಡೂ ಆಗುತ್ತದೆ ಎಂದು ಅಚ್ಚಾಗಿತ್ತು. ನಾನು ಡಾಟ್ 4 ಆರಿಸಿಕೊಂಡೆ. ಕಾರಣ ಒಂದೇ, ಆ ಇಳಿಜಾರು. ನೀರು ಸೇರಿದ ಮೇಲೂ ಹದಿನೈದು ಡಿಗ್ರಿ ಹೆಚ್ಚು ತಾಳುವ ದ್ರವ ಸಿಗುವಾಗ, ಬೆಲೆಯಲ್ಲಿ ಅಂಥ ವ್ಯತ್ಯಾಸವಿಲ್ಲದಿರುವಾಗ, ಕಡಿಮೆಯದನ್ನು ಏಕೆ ಹಾಕಲಿ? ಪ್ರತಿಯಾಗಿ, ಎರಡು ವರ್ಷಕ್ಕೊಮ್ಮೆ ತಪ್ಪದೆ ಬದಲಿಸಬೇಕು ಎಂಬ ಶಿಸ್ತನ್ನು ಒಪ್ಪಿಕೊಂಡಿದ್ದೇನೆ.

ಒಂದು ಲೀಟರಿನ ಡಬ್ಬಿಯ ಬದಲು ಅರ್ಧ ಲೀಟರಿನ ಎರಡು ಸೀಲು ಡಬ್ಬಿ ತಂದೆ. ತೆರೆದ ಡಬ್ಬಿಯ ಫ್ಲೂಯಿಡ್ ಮುಚ್ಚಳ ಹಾಕಿಟ್ಟರೂ ತೇವ ಎಳೆಯುತ್ತಲೇ ಇರುತ್ತದೆ. ಮಾವನ ಶೆಲ್ಫಿನಲ್ಲಿ ಅರ್ಧ ಉಳಿದ ಒಂದು ಹಳೆಯ ಬಾಟಲಿ ಇತ್ತು. "ಇನ್ನೂ ಚೆನ್ನಾಗಿದೆಯಲ್ಲಪ್ಪ" ಎಂದರು. ಚೆನ್ನಾಗಿ ಕಾಣುತ್ತಿತ್ತು ನಿಜ. ನೀರು ಸೇರಿದ್ದು ಕಣ್ಣಿಗೆ ಕಾಣುವುದಿಲ್ಲ. ಅವರ ಅನುಮತಿ ಕೇಳಿಯೇ ಅದನ್ನು ತ್ಯಾಜ್ಯದ ಡಬ್ಬಿಗೆ ಸುರಿದೆ.

ಕೂಡಿಸುವುದು, ಗಾಳಿ ತೆಗೆಯುವುದು

ಹೊಸ ಕಪ್ಪುಗಳನ್ನು ಹೊಸ ಫ್ಲೂಯಿಡ್‌ನಲ್ಲಿ ಅದ್ದಿ ಒಳಗೆ ಕೂರಿಸಿದೆ. ಮಾಮೂಲಿ ಗ್ರೀಸು ಮುಟ್ಟಿಸುವಂತಿಲ್ಲ, ಅದೂ ತೈಲವೇ. ಕೈಯನ್ನೂ ಸೋಪಿನಿಂದ ತೊಳೆದುಕೊಂಡು ಬಂದೆ. ತುಟಿ ಯಾವ ಕಡೆ ನೋಡಬೇಕು ಎಂಬುದನ್ನು ಬಿಚ್ಚುವಾಗಲೇ ಮೊಬೈಲಿನಲ್ಲಿ ಚಿತ್ರ ತೆಗೆದುಕೊಂಡಿದ್ದೆ. ಮಾಸ್ಟರ್ ಸಿಲಿಂಡರ್ ಕೂರಿಸಿ, ಪೆಡಲಿನ ತುದಿಯಲ್ಲಿ ಅರ್ಧ ಇಂಚು ಸಡಿಲು ಬರುವಂತೆ ಸರಳನ್ನು ಹೊಂದಿಸಿದೆ. ಶೂಗಳನ್ನು ಡ್ರಮ್ಮಿಗೆ ಹತ್ತಿರ ತಂದು, ಚಕ್ರ ಉಜ್ಜದೆ ತಿರುಗುವಲ್ಲಿಗೆ ಬಿಟ್ಟೆ. ಇದನ್ನು ಮೊದಲೇ ಮಾಡದಿದ್ದರೆ ಎಷ್ಟು ಗಾಳಿ ತೆಗೆದರೂ ಪೆಡಲ್ ತಗ್ಗಿನಲ್ಲೇ ಇರುತ್ತದೆ, ಗಾಳಿ ಉಳಿದಿದೆ ಎಂದು ದಿನವಿಡೀ ತಪ್ಪು ಜಾಗದಲ್ಲಿ ಹುಡುಕುತ್ತೇವೆ.

ಫ್ಲೂಯಿಡ್ ಸುರಿಯುವ ಮುನ್ನ ನೆಲದ ತಗಡಿನ ಮೇಲೆಲ್ಲ ಒದ್ದೆ ಬಟ್ಟೆ ಹಾಸಿ, ಪಕ್ಕದಲ್ಲಿ ಒಂದು ಬಕೆಟ್ ನೀರು ಇಟ್ಟುಕೊಂಡೆ. ಗ್ಲೈಕಾಲ್ ಬಣ್ಣವನ್ನು ಸುಲಿದುಹಾಕುತ್ತದೆ. ಹೀಗಿದ್ದೂ ಫನೆಲ್ ಎತ್ತುವಾಗ ಒಂದು ಹನಿ ಸೀಟಿನ ಚೌಕಟ್ಟಿಗೆ ಬಿತ್ತು. ಒಂದು ಚೊಂಬು ನೀರು ಸುರಿದು ತೊಳೆದೆ. ಬಣ್ಣ ಉಳಿಯಿತು. ಒರೆಸಿದರೆ ಹರಡುತ್ತದೆ, ನೀರು ಸುರಿಯಬೇಕು.

ಆಮೇಲೆ ಈ ಇಡೀ ಕೆಲಸದಲ್ಲಿ ನನಗೆ ಅತ್ಯಂತ ಸಂತೋಷ ಕೊಟ್ಟ ಕ್ಷಣ. ಪಿಯುಸಿ ಓದುವ ಮಗಳು ಪೆಡಲಿನ ಬಳಿ ಕುಳಿತಳು. ನಾನು ನೆಲದ ತೂತಿನಿಂದ ಟಾರ್ಚ್ ಬಿಟ್ಟು ಟ್ಯಾಂಕಿನೊಳಗೆ ಇಣುಕಿದೆ. ಹೊಂಬಣ್ಣದ ದ್ರವ, ತಳದಲ್ಲಿ ಆ ಸಣ್ಣ ರಂಧ್ರ. "ಕಾಲು ಬೇಡ, ಕೈಯಿಂದ ಮೆಲ್ಲಗೆ ಒತ್ತು" ಎಂದೆ. ಸಡಿಲು ಮುಗಿದು ಪಿಸ್ಟನ್ ಅಲುಗಿದ ತಕ್ಷಣ ರಂಧ್ರದಿಂದ ಎಳೆಯಷ್ಟು ತೆಳ್ಳನೆಯ ಕಾರಂಜಿಯೊಂದು ದ್ರವದ ಮೇಲ್ಮೈಯನ್ನು ಉಬ್ಬಿಸಿ ಎದ್ದು, ಅಷ್ಟೇ ಬೇಗ ಅಡಗಿತು. ರಬ್ಬರ್ ಕಪ್ಪು ಆ ರಂಧ್ರವನ್ನು ದಾಟಿತ್ತು. ಬಿಟ್ಟಾಗ ಮತ್ತೆ ತೆರೆದುಕೊಂಡಿತು. ಇನ್ನೊಮ್ಮೆ ಒತ್ತಿಸಿದೆ, ಮತ್ತೆ ಕಾರಂಜಿ. ಮಗಳೂ ಇಳಿದು ಬಂದು ನೋಡಿದಳು. ಪೆಡಲ್ ಒತ್ತಲು ಆಗ ನನ್ನ ಸರದಿ.

ಗಾಳಿ ತೆಗೆಯುವುದನ್ನು ಮಾಸ್ಟರ್ ಸಿಲಿಂಡರಿನಿಂದ ದೂರದ ಚಕ್ರದಿಂದ ಆರಂಭಿಸಿದೆವು: ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಕೊನೆಗೆ ಮುಂದಿನ ಬಲ. ನಿಪ್ಪಲ್ಲಿಗೆ ಪಾರದರ್ಶಕ ನಳಿಕೆ, ಅದರ ತುದಿ ಬಾಟಲಿಯ ತಳದಲ್ಲಿ ಸ್ವಲ್ಪ ಫ್ಲೂಯಿಡ್‌ನಲ್ಲಿ ಮುಳುಗಿರಬೇಕು. "ಒತ್ತು." "ಒತ್ತಿದ್ದೇನೆ ಅಪ್ಪಾ." ನಿಪ್ಪಲ್ ಬಿಚ್ಚು, ಗುಳ್ಳೆ ಬರಲಿ, ಬಿಗಿ. "ಬಿಡು." ಬಿಗಿಯುವ ಮೊದಲೇ ಅವಳು ಪೆಡಲ್ ಬಿಟ್ಟರೆ ಹೊರಗಿನ ಗಾಳಿ ಒಳಗೆ. ಎರಡು ಬಾರಿ ಹಾಗಾಯಿತು, ಆ ಚಕ್ರವನ್ನು ಮೊದಲಿನಿಂದ ಮಾಡಿದೆವು. ಪ್ರತಿ ಎಂಟು ಒತ್ತಿಗೊಮ್ಮೆ ಟ್ಯಾಂಕ್ ತುಂಬಿದೆ. ಅದು ಖಾಲಿಯಾಗಿ ಗಾಳಿ ಎಳೆದರೆ ನಾಲ್ಕೂ ಚಕ್ರದ ಕೆಲಸ ನೀರುಪಾಲು. ಹೊರಬಂದ ಫ್ಲೂಯಿಡ್ ಎಷ್ಟೇ ತಿಳಿಯಾಗಿ ಕಂಡರೂ ಮತ್ತೆ ಟ್ಯಾಂಕಿಗೆ ಸುರಿಯಲಿಲ್ಲ.

ಹೊರತೆಗೆದದ್ದನ್ನು ಚರಂಡಿಗೆ ಚೆಲ್ಲಬೇಡಿ, ತಂಪುಪಾನೀಯದ ಬಾಟಲಿಯಲ್ಲಂತೂ ಖಂಡಿತ ಇಡಬೇಡಿ. ಅದು ವಿಷ. ಬಣ್ಣ ನೋಡಿದರೆ ಮಕ್ಕಳಿಗೆ ಶರಬತ್ತಿನಂತೆ ಕಾಣುತ್ತದೆ. ನಾನು ಬಿಗಿ ಮುಚ್ಚಳದ ಡಬ್ಬಿಯಲ್ಲಿ, ಹಳೆಯ ಎಂಜಿನ್ ಆಯಿಲಿಗೆ ಬೆರೆಸದೆ, ಬೇರೆಯಾಗಿಯೇ ಎತ್ತಿಟ್ಟಿದ್ದೇನೆ.

ಪೆಡಲನ್ನು ಬಲವಾಗಿ ಒಂದು ನಿಮಿಷ ಒತ್ತಿ ಹಿಡಿದೆ. ಕೆಳಗೆ ಜಾರಲಿಲ್ಲ. ಜಾಕಿನ ಮೇಲೆ ನಾಲ್ಕೂ ಚಕ್ರ ಕೈಯಲ್ಲಿ ತಿರುಗಿದವು. ಬ್ರೇಕ್ ಲೈಟ್ ಸ್ವಿಚ್ಚಿನ ಬುಡದಲ್ಲಿ ಮಾತ್ರ ಮರುದಿನ ಬೆಳಿಗ್ಗೆ ತೇವ ಕಾಣಿಸಿತು. ಕಾಲು ಸುತ್ತು ಬಿಗಿದು ಒಣಗಿಸಿದ ಮೇಲೆ ಮತ್ತೆ ಬರಲಿಲ್ಲ.

ಒಂದು ವಾರ ಊರೊಳಗೆ ಮಾತ್ರ ಓಡಿಸಿದೆ, ರಾಯಲ್ ಸರ್ಕಲ್ಲಿನಿಂದ ಆಚೆಗೆ ಹೋಗಲಿಲ್ಲ. ಎರಡನೇ ಭಾನುವಾರ ಮಾವನನ್ನು ಕೂರಿಸಿಕೊಂಡು ಮತ್ತೆ ಕುಮಾರಸ್ವಾಮಿ ಗುಡ್ಡಕ್ಕೆ ಹೋದೆ. ಇಳಿಯುವಾಗ ಎರಡನೇ ಗೇರ್, ಬೇಕಾದಲ್ಲಿ ಮಾತ್ರ ಬ್ರೇಕ್. ಕಳೆದ ಬಾರಿ ನಿಂತಿದ್ದ ಜಾಗದಲ್ಲೇ ನಿಲ್ಲಿಸಿದೆ. ಮಾವ ಇಳಿದು ನಾಲ್ಕೂ ಡ್ರಮ್‌ಗಳ ಬಳಿ ಕೈ ಹಿಡಿದು ಸುತ್ತು ಬಂದರು. ಎಲ್ಲವೂ ಒಂದೇ ಸಮ ಬೆಚ್ಚಗಿದ್ದವು. ಚಕ್ರಕ್ಕೆ ಕೊಟ್ಟಿದ್ದ ನಮ್ಮ ಹಳೆಯ ಕಲ್ಲು ಇನ್ನೂ ಅಲ್ಲೇ ಬಿದ್ದಿತ್ತು. ಅವರು ಅದನ್ನು ಬದಿಗೆ ಸರಿಸಿ ಬಂದು ಕುಳಿತರು. ಕಾಲೆತ್ತಿದೆ. ಗಾಡಿ ತಾನಾಗಿಯೇ ಉರುಳತೊಡಗಿತು.

ಮನೆಗೆ ಬಂದ ಮೇಲೆ ನೆಲದ ಆ ದುಂಡು ಮುಚ್ಚಳವನ್ನು ತಿರುವಿಹಾಕಿ ಮಗಳ ಕೈಗೆ ಬಿಳಿ ಬಣ್ಣ, ಸಣ್ಣ ಕುಂಚ ಕೊಟ್ಟೆ. ಅವಳು ದುಂಡಗಿನ ಅಕ್ಷರಗಳಲ್ಲಿ ಬರೆದಿದ್ದಾಳೆ: 'ಡಾಟ್ 4 ಮಾತ್ರ. ಬೇರೆ ಯಾವ ಎಣ್ಣೆಯನ್ನೂ ಹಾಕಬೇಡಿ.' ಅದರ ಕೆಳಗೆ ಹಾಕಿದ ತಿಂಗಳು, ಮತ್ತೆ ಬದಲಿಸಬೇಕಾದ ತಿಂಗಳು. ಕೌಲ್ ಬಜಾರಿಗೆ ಹೋಗಿ ಚಾಚಾಗೆ ತೋರಿಸಿದೆ. ಅವರು ಕನ್ನಡಕ ಏರಿಸಿಕೊಂಡು ಓದಿ, ಉರ್ದುವಿನಲ್ಲೂ ಒಂದು ಸಾಲು ಬರೆಸಿ ಎಂದರು. ಈ ವಾರ ಅದು ಆಗಬೇಕು.